ಬೆನ್ನಿನ ಸ್ಟಿಮ್ಯುಲೇಟರ್ ವೈರ್ ಜರುಗಿದ ಹಾಗಿದೆ, ಅನುಭವ ಇದ್ದವರು ಹೇಳಿ

ನಮ್ಮದು ದಾವಣಗೆರೆ. ಡಿಸ್ಕ್ ಆಪರೇಷನ್ ಆದ ಮೇಲೂ ಅಮ್ಮನ ಕಾಲುನೋವು ಹೋಗಲಿಲ್ಲ. ಹಾಗಾಗಿ ಬೆಂಗಳೂರಿನಲ್ಲಿ ಸ್ಟಿಮ್ಯುಲೇಟರ್ (ನೋವು ತಗ್ಗಿಸಲು ಬೆನ್ನುಹುರಿಗೆ ಸಣ್ಣ ಕರೆಂಟು ಕೊಡುವ ಸಾಧನ) ಹಾಕಿಸಿದೆವು. ಚೆನ್ನಾಗಿಯೇ ಇದ್ದರು. ಹೋದ ವಾರ ಅಟ್ಟದ ಡಬ್ಬಿ ಇಳಿಸಲು ಕೈ ಮೇಲೆತ್ತಿದರು. ಅವತ್ತಿನಿಂದ ಕಾಲಿಗೆ ಬರುತ್ತಿದ್ದ ಜುಮ್ ಜುಮ್ ಪಕ್ಕೆಲುಬಿಗೆ ಬರುತ್ತಿದೆ. ಕಾಲುನೋವು ಮತ್ತೆ ಶುರುವಾಗಿದೆ. ಏನು ಮಾಡೋದು?

ಚಿತ್ರದುರ್ಗದಿಂದ:
ನಮ್ಮ ತಂದೆಗೂ ಹೀಗೇ ಆಗಿತ್ತು, ತೋಟದಲ್ಲಿ ಮೂಟೆ ಎತ್ತಿದ ಮೇಲೆ. ಮೊದಲ ಅನುಮಾನ ಲೀಡ್, ಅಂದರೆ ಕರೆಂಟು ಒಯ್ಯುವ ಆ ವೈರ್, ಜರುಗಿದೆ ಅಂತಲೇ. ಅದು ಬೆನ್ನುಹುರಿಯ ಪೊರೆಯ ಹೊರಗಿನ ಕಿರಿದಾದ ಜಾಗದಲ್ಲಿ ಕೂತಿರುತ್ತದೆ. ಸೂಜಿಯಿಂದ ಹಾಕಿದ ಲೀಡ್ ಆದರೆ ತುದಿಯಲ್ಲಿ ಹೆಚ್ಚಾಗಿ 8 ಎಲೆಕ್ಟ್ರೋಡ್ (ಕರೆಂಟು ಹೊರಬರುವ ಲೋಹದ ತುಣುಕು) ಇರುತ್ತವೆ. ಸ್ವಲ್ಪ ಸರಿದರೂ ಕರೆಂಟು ಬೇರೆ ನರಕ್ಕೆ ತಾಗುತ್ತದೆ. ಪಕ್ಕೆಲುಬಿಗೆ ಬರುವುದು ಅದಕ್ಕೇ.

ರಿಮೋಟ್‌ನಲ್ಲಿ ಜೋರು ಮಾಡುತ್ತಾ ಹೋಗಬೇಡಿ. ಪಕ್ಕೆಯ ಹಿಂಸೆ ಜಾಸ್ತಿ ಆಗುತ್ತದೆ ಅಷ್ಟೇ, ಕಾಲಿಗೆ ತಲುಪುವುದಿಲ್ಲ.

ಆಪರೇಷನ್ ದಿನ ತೆಗೆದ ಎಕ್ಸ್‌ರೇ ಹುಡುಕಿ ಇಟ್ಟುಕೊಳ್ಳಿ. ಇದನ್ನು ಒತ್ತಿ ಹೇಳುತ್ತೇನೆ. ಹೊಸದನ್ನು ನೇರವಾಗಿ ಒಂದು, ಪಕ್ಕದಿಂದ ಒಂದು ತೆಗೆಸಿ, ಹಳೆಯದರ ಪಕ್ಕದಲ್ಲಿ ಹಿಡಿಯಬೇಕು. ನಮ್ಮ ತಂದೆಯ ಫಿಲ್ಮ್ ಕಿಟಕಿ ಬೆಳಕಿಗೆ ಹಿಡಿದಾಗ ನನಗೇ ಕಾಣಿಸಿತು. ಎಲೆಕ್ಟ್ರೋಡ್‌ಗಳ ಬಿಳಿ ಚುಕ್ಕೆಗಳ ಸಾಲು ಹಳೆಯದರಲ್ಲಿ ನೆಟ್ಟಗಿತ್ತು. ಹೊಸದರಲ್ಲಿ ಕೆಳಗಿಳಿದು ಎಡಕ್ಕೆ ವಾಲಿತ್ತು. ಹಳೇ ಫಿಲ್ಮ್ ಇಲ್ಲದಿದ್ದರೆ ಎಷ್ಟು ಜರುಗಿದೆ ಅಂತ ಯಾರು ಹೇಳುತ್ತಾರೆ?

ಜರುಗಿದ್ದು ಕಡಿಮೆಯಾದರೆ ಬೇರೆ ಎಲೆಕ್ಟ್ರೋಡ್‌ಗಳನ್ನು ಆನ್ ಮಾಡಿ ಹೊಸ ಪ್ರೋಗ್ರಾಂ ಹಾಕುತ್ತಾರೆ. ನಮಗೆ ಅಷ್ಟರಲ್ಲೇ ಸರಿಹೋಯಿತು, ಮತ್ತೆ ಕೊಯ್ಯಲಿಲ್ಲ. ಕಂಪನಿಯ ಟೆಕ್ನಿಷಿಯನ್ ಯಾವ ದಿನ ಬರುತ್ತಾರೆ ಅಂತ ಫೋನ್‌ನಲ್ಲಿ ಖಚಿತ ಮಾಡಿಕೊಂಡೇ ದಾವಣಗೆರೆ ಬಿಡಿ. ಅವರಿಲ್ಲದ ದಿನ ಹೋದರೆ ಕೆಲಸ ಆಗದೆ ವಾಪಸ್ ಬರಬೇಕಾಗಬಹುದು. ಬಸ್ಸಿಗಿಂತ ರೈಲು ವಾಸಿ, ಅಮ್ಮ ನಡುನಡುವೆ ಎದ್ದು ನಿಲ್ಲಬಹುದು.

ಹರಿಹರದಿಂದ:
ನನ್ನ ಲೀಡ್ ಜರುಗಿರಲಿಲ್ಲ, ಮುರಿದಿತ್ತು. ಲಕ್ಷಣ ಬೇರೆ. ಜುಮ್ ಜುಮ್ ಒಮ್ಮೆ ಇರುತ್ತಿತ್ತು, ಒಮ್ಮೆ ಇರುತ್ತಿರಲಿಲ್ಲ. ಕುಕ್ಕರ್ ಇಳಿಸಲು ಬಗ್ಗಿದರೆ ಫಟ್ ಅಂತ ಶಾಕ್ ಹೊಡೆದ ಹಾಗೆ, ನೆಟ್ಟಗಾದರೆ ಏನೂ ಇಲ್ಲ. ಎಕ್ಸ್‌ರೇಯಲ್ಲಿ ಸಣ್ಣ ಬಿರುಕು ಕಾಣದೇ ಇರಬಹುದು. ನನ್ನದರಲ್ಲೂ ಕಾಣಲಿಲ್ಲ. ಅದಕ್ಕೆ ಇಂಪೀಡೆನ್ಸ್ (ಕರೆಂಟು ಹರಿಯಲು ಎಷ್ಟು ಅಡ್ಡಿ ಇದೆ ಅನ್ನುವ ಅಳತೆ) ನೋಡಿ ಅಂತ ನೀವೇ ಕೇಳಿ. ಚರ್ಮದ ಮೇಲಿಂದಲೇ ಯಂತ್ರ ಅಳೆಯುತ್ತದೆ, ನೋವಿಲ್ಲ. ಅಂಕಿ ವಿಪರೀತ ಏರಿದ್ದರೆ ವೈರ್ ತುಂಡಾಗಿದೆ, ಇಲ್ಲವೇ ಬ್ಯಾಟರಿ ಹತ್ತಿರದ ಜೋಡಣೆ ಸಡಿಲ ಆಗಿದೆ ಅಂತ ಅರ್ಥ. ಮುರಿದ ಲೀಡನ್ನು ಒಳಗೇ ಅಂಟಿಸಲು ಬರುವುದಿಲ್ಲ. ಉಳಿದ ಎಲೆಕ್ಟ್ರೋಡ್‌ಗಳಲ್ಲಿ ಸ್ವಲ್ಪ ಕಾಲ ನಡೆಸಿದರು, ಆಮೇಲೆ ಹೊಸದು ಹಾಕಿದರು.

ಹೊಸ ಲೀಡ್ ಹಾಕಿದರೆ ಮೊದಲ 6ರಿಂದ 8 ವಾರ ಬಗ್ಗುವುದು, ಮೈ ತಿರುಚುವುದು, ಭುಜಕ್ಕಿಂತ ಮೇಲೆ ಕೈ ಎತ್ತುವುದು ಬೇಡ ಅನ್ನುತ್ತಾರೆ. ಸುತ್ತ ಗಾಯ ಮಾಗಿ ಲೀಡ್ ಗಟ್ಟಿ ಕೂರಬೇಕಲ್ವಾ. ಅಡುಗೆ ಸಾಮಾನು ಸೊಂಟದ ಎತ್ತರಕ್ಕೆ ಇಟ್ಟುಕೊಡಿ, ಹೆಂಗಸರು ಕೇಳದೇ ಎದ್ದು ಮಾಡಿಬಿಡುತ್ತಾರೆ.

ದಾವಣಗೆರೆಯಿಂದ, ಫಿಸಿಯೋಥೆರಪಿ ಕೆಲಸ ಮಾಡುವವಳು:
ನೋವು ವಾಪಸ್ ಬಂತು ಅಂತ ಸುಮ್ನೆ ಹತ್ತಿರದ ಸೆಂಟರ್‌ಗೆ ಕರೆದುಕೊಂಡು ಹೋಗಿ ಡಯಾಥರ್ಮಿ (ಯಂತ್ರದ ವಿದ್ಯುತ್ ಅಲೆಗಳಿಂದ ಮೈಯೊಳಗೆ ಕೊಡುವ) ಶಾಖ ಕೊಡಿಸಬೇಡಿ. ಸ್ಟಿಮ್ಯುಲೇಟರ್ ಆಫ್ ಇದ್ದರೂ ಲೀಡ್ ತುದಿ ಬಿಸಿಯಾಗಿ ಒಳಗಿನ ನರ ಸುಡುವ ಅಪಾಯ ಇದೆ. ನೋವಿಗೆ ಕೊಡುವ ಚಿಕಿತ್ಸೆಯ ಅಲ್ಟ್ರಾಸೌಂಡ್ (ಸ್ಕ್ಯಾನ್ ಅಲ್ಲ) ಕೂಡ ಬೇಡ. ಎಂಆರ್‌ಐ ಬರೆದುಕೊಟ್ಟರೆ ಲೀಡ್ ಮೇಲೆ ಅನುಮಾನ ಇದೆ ಅಂತ ಮೊದಲೇ ಹೇಳಿ. ಮುರಿದ ಲೀಡ್ ಇದ್ದಾಗ ಎಂಆರ್‌ಐ ಸುರಕ್ಷಿತ ಅಂತ ಹೇಳಲಾಗದು. ಸಾಧನದ ಕಾರ್ಡ್ ಅಮ್ಮನ ಪರ್ಸ್‌ನಲ್ಲೇ ಇರಲಿ. ಕಾಲಲ್ಲಿ ಶಕ್ತಿ ಕುಂದಿದರೆ, ಮೂತ್ರ ಹಿಡಿತ ತಪ್ಪಿದರೆ, ಜ್ವರದ ಜೊತೆ ಗಾಯದಲ್ಲಿ ಕೀವು ಕಂಡರೆ ಅಪಾಯಿಂಟ್‌ಮೆಂಟ್ ಕಾಯದೆ ಅವತ್ತೇ ಆಸ್ಪತ್ರೆಗೆ ಹೊರಡಿ.