ಅರುಪ್‌ನಂಥ ಕನ್ಸಲ್ಟೆನ್ಸಿಯಲ್ಲಿ ಕಂಪನಕ್ಕೇ ಬೇರೆ ತಂಡ ಯಾಕೆ?

ಸಿವಿಲ್_ಫೈನಲ್‌ಇಯರ್:
ಅರುಪ್ ಮಾಡುವ ಕೆಲಸಗಳಲ್ಲಿ ಸ್ಟ್ರಕ್ಚರ್, ಫೌಂಡೇಶನ್, ಗಾಜಿನ ಹೊರಮೈ, ಅಕೌಸ್ಟಿಕ್ಸ್, ಬೆಂಕಿ ಸುರಕ್ಷತೆ ಎಲ್ಲ ಇವೆ, ಸರಿ. ಡೈನಮಿಕ್ಸ್ (ಕಂಪನದ ಲೆಕ್ಕ) ಯಾಕೆ ಪ್ರತ್ಯೇಕ? ಲೋಡ್ ಹಾಕಿ ಡಿಫ್ಲೆಕ್ಷನ್ (ಬಾಗುವ ಪ್ರಮಾಣ) ಮಿತಿಯೊಳಗೆ ಬಂದರೆ ಸಾಲದೇ?

ಸೇತುವೆ_ಲೆಕ್ಕ:
ಸಾಲದು. ಅವರೇ ಎಂಜಿನಿಯರಿಂಗ್ ಮಾಡಿದ ಲಂಡನ್ನಿನ ಮಿಲೇನಿಯಂ ಕಾಲುಸೇತುವೆ ನೋಡಿ. 2000ದ ಜೂನ್ 10ಕ್ಕೆ ತೆರೆದದ್ದು, 12ಕ್ಕೆ ಮುಚ್ಚಿತು. ಬಲದಲ್ಲಿ ಕೊರತೆ ಇರಲಿಲ್ಲ. ಜನ ಸೆಕೆಂಡಿಗೆ ಸುಮಾರು ಎರಡು ಹೆಜ್ಜೆ ಹಾಕುತ್ತಾರೆ, ಹಾಗಾಗಿ ಕೆಳಮುಖ ಬಲ 2 ಹರ್ಟ್ಜ್, ಅಂದರೆ ಸೆಕೆಂಡಿಗೆ ಎರಡು ಸಲ. ಆದರೆ ಎಡಗಾಲು ಒಂದು ಕಡೆ, ಬಲಗಾಲು ಇನ್ನೊಂದು ಕಡೆ ತಳ್ಳುವುದರಿಂದ ಅಡ್ಡ ಬಲ 1 ಹರ್ಟ್ಜ್. 144 ಮೀಟರಿನ ನಡು ಸ್ಪ್ಯಾನ್‌ನ (ಎರಡು ಕಂಬಗಳ ನಡುವಿನ ಭಾಗದ) ಅಡ್ಡ ಆವರ್ತನಗಳು, ಅಂದರೆ ಅದು ತಾನಾಗಿ ಪಕ್ಕಕ್ಕೆ ಓಲಾಡುವ ವೇಗಗಳು, 0.5 ಮತ್ತು 1 ಹರ್ಟ್ಜ್ ಆಸುಪಾಸಿನಲ್ಲೇ ಇದ್ದವು. ಡೆಕ್ (ಜನ ನಡೆಯುವ ಹಾಸು) ತುಸು ಅಲುಗಿದರೆ ಜನ ಬೀಳದಿರಲು ಕಾಲು ಅಗಲಿಸಿ ಅದರ ಓಲಾಟಕ್ಕೇ ಹೆಜ್ಜೆ ಹೊಂದಿಸಿಕೊಳ್ಳುತ್ತಾರೆ. ಅಲ್ಲಿಗೆ ತಳ್ಳುವ ಬಲ ಇನ್ನಷ್ಟು ಏರುತ್ತದೆ. ನಿಂತ ಭಾರದ ಸ್ಟ್ಯಾಟಿಕ್ ಲೆಕ್ಕಕ್ಕೆ ಇದು ಸಿಗುವುದೇ ಇಲ್ಲ.

ಸಿವಿಲ್_ಫೈನಲ್‌ಇಯರ್:
ಡೆಕ್ಕನ್ನು ಇನ್ನಷ್ಟು ಬಿಗಿ ಮಾಡಬಹುದಿತ್ತಲ್ಲ ಸರ್?

ಸೇತುವೆ_ಲೆಕ್ಕ:
ಆವರ್ತನ ಬಿಗಿತದ ವರ್ಗಮೂಲಕ್ಕೆ ಹೊಂದಿಕೊಂಡಿದೆ. 0.5ರಿಂದ 1.5ಕ್ಕೆ ಒಯ್ಯಲು ಒಂಬತ್ತು ಪಟ್ಟು ಬಿಗಿತ ಬೇಕು, ಅದಕ್ಕೆ ಸೇರಿಸಿದ ಉಕ್ಕಿನ ತೂಕವೇ ಆವರ್ತನವನ್ನು ಮತ್ತೆ ಕೆಳಗೆಳೆಯುತ್ತದೆ. ಕೇಬಲ್‌ಗಳನ್ನು ಅಷ್ಟು ಚಪ್ಪಟೆಯಾಗಿ ಎಳೆದಿರುವ ಆ ವಿನ್ಯಾಸದ ಚಂದವೂ ಹೋಗುತ್ತಿತ್ತು. ಅದಕ್ಕೇ 37 ವಿಸ್ಕಸ್ ಡ್ಯಾಂಪರ್ (ದ್ರವದ ಮೂಲಕ ಅಲುಗಾಟದ ಶಕ್ತಿ ಹೀರುವ ಸಾಧನ), ಜೊತೆಗೆ 50ಕ್ಕೂ ಹೆಚ್ಚು ಟ್ಯೂನ್ಡ್ ಮಾಸ್ ಡ್ಯಾಂಪರ್ (ಸೇತುವೆಯ ಆವರ್ತನಕ್ಕೆ ಹೊಂದಿಸಿ ಸ್ಪ್ರಿಂಗ್ ಮೇಲೆ ಕೂರಿಸಿದ ತೂಕ) ಕೂರಿಸಿದರು. ಖರ್ಚು ಸುಮಾರು 50 ಲಕ್ಷ ಪೌಂಡ್, ಮತ್ತೆ ತೆರೆದದ್ದು 2002ರ ಫೆಬ್ರವರಿಯಲ್ಲಿ.

ಡ್ಯಾಂಪಿಂಗ್_ಭಟ್ಟ:
ಸೇತುವೆ ಮುಚ್ಚಿದ್ದಾಗ ಅದರ ಮೇಲೆ ಜನರನ್ನು ನಡೆಸಿ ಮಾಡಿದ ಪರೀಕ್ಷೆಗಳಿಂದ ಬಂದ ಸೂತ್ರ ಇವತ್ತಿಗೂ ಉಪಯೋಗ. ಅಡ್ಡ ಓಲಾಟ ಶುರುವಾಗದಂತೆ ಸೇತುವೆ ತಾಳುವ ಜನಸಂಖ್ಯೆ = 8 × ಪೈ × ಡ್ಯಾಂಪಿಂಗ್ ಅನುಪಾತ × ಆವರ್ತನ × ಮೋಡಲ್ ಮಾಸ್ ÷ 300. ಡ್ಯಾಂಪಿಂಗ್ ಅನುಪಾತ ಅಂದರೆ ಅಲುಗಾಟ ಎಷ್ಟು ಬೇಗ ಅಡಗುತ್ತದೆ ಎಂಬ ಅಳತೆ, ಮೋಡಲ್ ಮಾಸ್ ಅಂದರೆ ಆ ಓಲಾಟದಲ್ಲಿ ಲೆಕ್ಕಕ್ಕೆ ಬರುವಷ್ಟು ಮಾಸ್. ಮಾಸ್ ಕಿಲೋದಲ್ಲಿರಲಿ. ಆ 300 ಬಂದದ್ದು 0.5ರಿಂದ 1 ಹರ್ಟ್ಜ್ ನಡುವಿನ ಅಳತೆಯಿಂದ, ಅದರಾಚೆಗೆ ಕಣ್ಣುಮುಚ್ಚಿ ಹಾಕಬೇಡಿ.

ಉದಾಹರಣೆಗೆ 1 ಹರ್ಟ್ಜ್, 1,00,000 ಕಿಲೋ, ಡ್ಯಾಂಪಿಂಗ್ 0.7% ಇಟ್ಟರೆ ಬರೀ 58 ಜನ! ಡ್ಯಾಂಪಿಂಗ್ 20% ಮಾಡಿ, 1,675ಕ್ಕೆ ಏರುತ್ತದೆ.

ತಪ್ಪುವುದು ಸಾಮಾನ್ಯವಾಗಿ ಇನ್‌ಪುಟ್‌ನಲ್ಲಿ. ಮೋಡಲ್ ಮಾಸ್ ಬದಲು ಸ್ಪ್ಯಾನ್‌ನ ಪೂರ್ತಿ ತೂಕ ಹಾಕುತ್ತಾರೆ. ಎರಡು ತುದಿ ಸರಳವಾಗಿ ಕೂತ ಸ್ಪ್ಯಾನ್‌ಗೆ ಅದರ ಅರ್ಧ ಮಾತ್ರ ಲೆಕ್ಕ. ಸಾಫ್ಟ್‌ವೇರಿನ ಡೀಫಾಲ್ಟ್ 5% ಡ್ಯಾಂಪಿಂಗನ್ನು ಮುಟ್ಟದೆ ಬಿಡುವುದು ಇನ್ನೂ ಕೆಟ್ಟದ್ದು. ಅದು ಭೂಕಂಪದ ಲೆಕ್ಕದ ಅಂಕಿ, ಹಗುರ ಉಕ್ಕಿನ ಕಾಲುಸೇತುವೆಯಲ್ಲಿ 1% ಸಿಕ್ಕರೂ ಹೆಚ್ಚು.

ಸೇತುವೆ_ಲೆಕ್ಕ:
ಇನ್ನೊಂದು ಮಾತು: ಟ್ಯೂನ್ಡ್ ಮಾಸ್ ಡ್ಯಾಂಪರನ್ನು ಖಾಲಿ ಸೇತುವೆಯ ಆವರ್ತನಕ್ಕೆ ಮಾತ್ರ ಹೊಂದಿಸಬೇಡಿ. ಜನ ತುಂಬಿದಾಗ ಮಾಸ್ ಏರಿ ಆವರ್ತನ ಇಳಿಯುತ್ತದೆ, ಅದು ಬೇಕಾದ ಹೊತ್ತಿಗೇ ಶ್ರುತಿ ತಪ್ಪಿರುತ್ತದೆ. ವಿಸ್ಕಸ್ ಡ್ಯಾಂಪರಿಗೆ ಈ ಕಾಟ ಇಲ್ಲ, ಆದರೆ ಅದರ ಇನ್ನೊಂದು ತುದಿಗೆ ಕಂಬವೋ ನೆಲವೋ, ಅಲುಗದ ಆಸರೆಯೊಂದು ಬೇಕು.