‘ಗರ್ಟಿಂಗ್’ಗೆ ಕನ್ನಡ ಪದ: ಸುರಕ್ಷತಾ ಫಲಕಕ್ಕಾಗಿ ತುರ್ತಾಗಿ ಬೇಕು

ಮಾನ್ಯರೇ,

ಬಾರ್ಜ್ (ಸರಕು ಸಾಗಿಸುವ ಚಪ್ಪಟೆ ತಳದ ದೋಣಿ) ಎಳೆಯುವ ಟಗ್ ಬೋಟುಗಳ ಸಿಬ್ಬಂದಿಗಾಗಿ ಸುರಕ್ಷತಾ ಫಲಕವೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಾಳೆ ಸಂಜೆಯೊಳಗೆ ಅದು ಅಚ್ಚಿಗೆ ಹೋಗಬೇಕು. ಎಳೆಯುವ ಹಗ್ಗ ಟಗ್ಗಿನ ಹಿಂದೆ ನೇರವಾಗಿರದೆ ಪಕ್ಕಕ್ಕೆ ತಿರುಗಿ, ಬಾರ್ಜಿನ ಜಗ್ಗಾಟವೆಲ್ಲ ಅಡ್ಡಲಾಗಿ ಬಿದ್ದು ಟಗ್ಗು ಮಗುಚುವುದನ್ನು ‘ಗರ್ಟಿಂಗ್’ ಎನ್ನುತ್ತಾರೆ. ‘ಮಗುಚುವಿಕೆ’ ಎಂದರೆ ಸಾಕೇ? ಹಗ್ಗ ತುಂಡಾದಾಗ ಅದರ ತುದಿ ಹಿಂದಕ್ಕೆ ಅಪ್ಪಳಿಸುವ ಜಾಗಕ್ಕೂ ಒಂದು ಹೆಸರು ಬೇಕು.

ಪ್ರತಿಕ್ರಿಯೆ 1

‘ಪಾರ್ಶ್ವಕರ್ಷಣ’ ಎಂದು ಬರೆಯಿರಿ. ‘ಮಗುಚು’ ಹಳಗನ್ನಡದ ‘ಮಗುಳ್ಚು’ವಿನಿಂದ ಬಂದದ್ದು, ಅದರ ಬುಡದಲ್ಲಿರುವ ‘ಮಗುಳ್’ ಎಂದರೆ ಹಿಂದಿರುಗು. ಪಾರಿಭಾಷಿಕ ಪದವಾಗಲು ಅದು ತೀರ ಸಡಿಲ.

ಪ್ರತಿಕ್ರಿಯೆ 2

ಒಪ್ಪಲಾಗದು. ದೋಣಿ ಮಗುಚಿತು ಎಂದರೆ ಅರ್ಥವಾಗದವರು ಕರಾವಳಿಯಲ್ಲಿ ಯಾರೂ ಇಲ್ಲ. ಆ ಪದ ಇಲ್ಲಿ ಸಲ್ಲದಿರುವುದಕ್ಕೆ ಕಾರಣ ಬೇರೆ: ಅದು ಕೊನೆಗೆ ಆಗುವುದನ್ನು ಹೇಳುತ್ತದೆ, ಫಲಕ ಎಚ್ಚರಿಸಬೇಕಾದದ್ದು ಅದಕ್ಕೂ ಮೊದಲಿನ ಗಳಿಗೆಯನ್ನು. 2007ರ ಡಿಸೆಂಬರ್ 19ರಂದು ಸ್ಕಾಟ್ಲೆಂಡಿನ ಕ್ಲೈಡ್ ನದಿಯಲ್ಲಿ, ದಟ್ಟ ಮಂಜಿನ ನಡುವೆ ‘ರೆಡ್ ಜಾಸ್ಮಿನ್’ ಹಡಗನ್ನು ಎಳೆಯುತ್ತಿದ್ದ ‘ಫ್ಲೈಯಿಂಗ್ ಫ್ಯಾಂಟಮ್’ ಟಗ್ಗು ಹೀಗೆಯೇ ಮಗುಚಿ, ಅದರಲ್ಲಿದ್ದ ನಾಲ್ವರಲ್ಲಿ ಮೂವರು ಸತ್ತರು. ಹಗ್ಗವನ್ನು ತುರ್ತಾಗಿ ಬಿಡಿಸುವ ಗುಂಡಿ ಒತ್ತಿದರೂ ಅದು ಟಗ್ಗನ್ನು ಉಳಿಸುವಷ್ಟು ಬೇಗ ಬಿಡಲಿಲ್ಲ. ಅಲ್ಲಿ ಎಳೆಯುತ್ತಿದ್ದದ್ದು ಬಾರ್ಜನ್ನಲ್ಲ, ಆದರೆ ಅಪಾಯ ಇದೇ. ಹಗ್ಗ ಪಕ್ಕಕ್ಕೆ ಸರಿಯತೊಡಗಿದಾಗಲೇ ಡೆಕ್ಕಿನ ಮೇಲಿರುವವನು ಕೂಗಿ ಹೇಳಬೇಕಾದ ಮಾತಿಗೆ ‘ಪಾರ್ಶ್ವಕರ್ಷಣ’ ಒದಗುವುದಿಲ್ಲ.

‘ಅಡ್ಡ ಎಳೆತ’ ಎನ್ನಿ. ‘ಅಡ್ಡಸೆಳೆತ’ ಬೇಡ, ಕಡಲಿನವರಿಗೆ ಸೆಳೆತವೆಂದರೆ ನೀರಿನದು. ಎರಡನೆಯದಕ್ಕೆ ‘ಹಗ್ಗ ಬಡಿಯುವ ಜಾಗ’ ಸಾಕು. ಬಿಗಿಯಾದ ನೈಲಾನ್ ಹಗ್ಗ ಹಿಗ್ಗಿ ತುಂಡಾದರೆ ತಪ್ಪಿಸಿಕೊಳ್ಳಲು ಸಮಯವೇ ಇರುವುದಿಲ್ಲ, ಆದ್ದರಿಂದ ಆ ಹೆಸರನ್ನು ಓದಿದೊಡನೆ ಕಾಲು ಹಿಂದೆಗೆಯಬೇಕು.

ಪ್ರತಿಕ್ರಿಯೆ 1

ಹಾಗಾದರೆ ಟಗ್, ಬಾರ್ಜ್, ಡೆಕ್ಕುಗಳನ್ನು ಏಕೆ ಉಳಿಸಿಕೊಂಡಿದ್ದೀರಿ? ಇಂಗ್ಲಿಷಿಗೆ ಬಾಗಿಲು ತೆರೆದು ಸಂಸ್ಕೃತಕ್ಕೆ ಮುಚ್ಚುವುದು ಯಾವ ನ್ಯಾಯ?

ಪ್ರತಿಕ್ರಿಯೆ 2

ಅವು ದುಡಿಯುವವರ ಬಾಯಲ್ಲಿ ಈಗಾಗಲೇ ಇವೆ. ‘ಬಂದರು’ ಪಾರಸಿಯಿಂದ ಬಂದದ್ದು. ಅದನ್ನು ಕಳೆದುಕೊಳ್ಳಲು ನೀವೂ ಒಪ್ಪಲಾರಿರಿ. ಯಾರೂ ಆಡದ ಪದವನ್ನು ಜೀವಾಪಾಯದ ಫಲಕದಲ್ಲಿ ಮೊದಲ ಬಾರಿಗೆ ಬಳಸಿ ನೋಡುವುದು ಸರಿಯಲ್ಲ. ಪ್ರಶ್ನೆ ಕೇಳಿದವರು ಹೀಗೆ ಬರೆಯಲಿ: ‘ಅಡ್ಡ ಎಳೆತದಿಂದ ಟಗ್ಗು ಮಗುಚುತ್ತದೆ. ಹಗ್ಗ ಪಕ್ಕಕ್ಕೆ ಸರಿದರೆ ಕೂಡಲೇ ಕೂಗಿ ತಿಳಿಸಿ. ಎಳೆಯುವಾಗ ಡೆಕ್ಕಿನ ಬಾಗಿಲುಗಳು ಮುಚ್ಚಿರಲಿ. ಹಗ್ಗ ಬಡಿಯುವ ಜಾಗದಲ್ಲಿ ನಿಲ್ಲಬೇಡಿ.’