ನೀಲಿ ಟಿಕ್ ನೆಚ್ಕೊಂಡು ಕೂರ್ಬೇಡಿ ಅತ್ತಿಗೆ

ಅತ್ತಿಗೆ, ನಿಮ್ ಮೆಸೇಜ್ ಈಗ ನೋಡ್ದೆ. ತೋಟದಲ್ಲಿದ್ದೆ, ಈ ಮಳೇಲಿ ಸಿಗ್ನಲ್ ಎಲ್ಲಿ ಬರತ್ತೆ. ವಿನೋಬನಗರದ ಬಾಡಿಗೆಯವ್ರಿಗೆ ಖಾಲಿ ಮಾಡಿ ಅಂತ ವಾಟ್ಸಾಪ್ ಹಾಕಿದೀನಿ, ನೀಲಿ ಟಿಕ್ ಬಂದಿದೆ, ಬಾಗಿಲಿಗೂ ಒಂದು ಕಾಪಿ ಅಂಟಿಸ್ಲಾ ಅಂತ ಕೇಳಿದೀರಿ. ಬೇಡ ಮಾರಾಯ್ರೇ. ಅಂಟಿಸೋದು ಕೊನೇ ದಾರಿ.

1882ರ ಆಸ್ತಿ ವರ್ಗಾವಣೆ ಕಾಯ್ದೆ, 106ನೇ ಸೆಕ್ಷನ್. ನಿಮ್ಮ ಹನ್ನೊಂದು ತಿಂಗಳ ಕರಾರು ಮುಗಿದು ಎರಡು ವರ್ಷ ಆಯ್ತಲ್ಲ, ಈಗ ತಿಂಗಳಿಂದ ತಿಂಗಳಿಗೆ ಬಾಡಿಗೆ ನಡೀತಿದೆ. ಅಂಥಾದ್ದಕ್ಕೆ 15 ದಿನದ ನೋಟಿಸ್ ಸಾಕು. ಆ 15 ದಿನ ನೀವು ಬರೆದ ತಾರೀಕಿಂದ ಅಲ್ಲ, ಅವ್ರ ಕೈ ಸೇರಿದ ದಿನದಿಂದ ಲೆಕ್ಕ. ಕರಾರಲ್ಲಿ ಒಂದು ತಿಂಗಳು, ಎರಡು ತಿಂಗಳು ಅಂತ ಇದ್ರೆ ಮಾತ್ರ ಅಷ್ಟೇ ಕೊಡಿ.

ನೋಟಿಸ್ ಬರವಣಿಗೇಲಿರ್ಬೇಕು, ಸಹಿ ಬೇಕು. ಮನೆ ಅಣ್ಣನ ಹೆಸರಲ್ಲಿರೋದು, ಹಂಗಾಗಿ ಅಣ್ಣ ಹಾಕ್ಲಿ, ಇಲ್ಲಾ ಅವನ ಪರವಾಗಿ ವಕೀಲರು ಹಾಕ್ಲಿ. ಆಮೇಲೆ ಪೋಸ್ಟಲ್ಲಿ ಕಳಿಸ್ಬಹುದು, ಇಲ್ಲಾ ಕೈಗೆ ಕೊಡ್ಬಹುದು. ಅವ್ರಿಲ್ದಿದ್ರೆ ಆ ಮನೇಲಿರೋ ಹೆಂಡ್ತಿ ಮಕ್ಕಳ ಕೈಗೆ, ಕೆಲಸದವ್ರ ಕೈಗೆ ಕೊಟ್ರೂ ನಡೀತದೆ. ಎದುರು ಮನೆಯವ್ರಿಗೆ, ಕೆಳಗಿನ ಅಂಗಡಿಯವ್ನಿಗೆ ಕೊಟ್ಟು ಬಂದ್ರೆ ಆಗಲ್ಲ. ಇದ್ಯಾವುದೂ ಸಾಧ್ಯ ಆಗ್ಲಿಲ್ಲ ಅಂದ್ರೆ ಮಾತ್ರ ಬಾಗಿಲಿಗೆ ಅಂಟಿಸೋದು.

ನಾವು ಅದನ್ನೇ ತಿರುಗಾಮುರುಗಾ ಮಾಡಿ ಕೈ ಸುಟ್ಕೊಂಡ್ವಿ. ತೀರ್ಥಹಳ್ಳಿ ಮನೆಗೆ ಅಪ್ಪ ಸಿಟ್ಟಲ್ಲಿ ಮೈದಾ ಅಂಟು ಕಲಸಿ ಸೀದಾ ಬಾಗಿಲಿಗೇ ಹಚ್ಚಿ ಬಂದ್ರು. ಆಷಾಢದ ಮಳೆ, ಬೆಳಗಾಗೋ ಹೊತ್ತಿಗೆ ಕಾಗದ ಜಗಲಿ ಮೇಲೆ ಮುದ್ದೆ ಆಗಿ ಬಿದ್ದಿತ್ತು, ಫೋಟೋನೂ ಇಲ್ಲ, ಸಾಕ್ಷಿನೂ ಇಲ್ಲ. ವಕೀಲರು ಕೇಳಿದ್ದು ಒಂದೇ, "ಮೊದ್ಲು ಪೋಸ್ಟಲ್ಲಿ ಕಳಿಸಿದ್ರಾ?" ನಾನೇ ಪೋಸ್ಟ್‌ಮ್ಯಾನ್ ಆಗಿದ್ದವ್ನು, ಮನೇಲೇ ಹಿಂಗೆ ಆದ್ರೆ ನಗ್ಬೇಕೋ ಅಳ್ಬೇಕೋ. ಮತ್ತೆ ಮೊದ್ಲಿಂದ ಶುರು.

ಪೋಸ್ಟ್ ಯಾಕೆ ಅಂದ್ರೆ, ಎಷ್ಟು ಮನೇಲಿ ನೋಡಿದೀನಿ ನಾನು. ವಕೀಲರ ಕವರ್ ಅಂತ ಗೊತ್ತಾಗ್ತಿದ್ದ ಹಾಗೆ "ಯಜಮಾನ್ರಿಲ್ಲ" ಅಂತಾರೆ, ಯಜಮಾನ್ರ ಚಪ್ಪಲಿ ಬಾಗಿಲಲ್ಲೇ ಇರತ್ತೆ. ತಗೊಳಲ್ಲ ಅಂದ್ರೆ "ನಿರಾಕರಿಸಿದ್ದಾರೆ" ಅಂತ ಬರೆದು ವಾಪಸ್ ಕಳಿಸ್ತಿದ್ವಿ. ಬೀಗ ಇದ್ರೆ ಚೀಟಿ ಕೊಟ್ಟು, ಏಳು ದಿನ ಆಫೀಸಲ್ಲಿಟ್ಟು ವಾಪಸ್. ಹಂಗೆ ಬಂದ ಕವರ್ ನೋಡಿ ಬೇಜಾರಾಗ್ಬೇಡಿ, ಒಡೀಲೂ ಬೇಡಿ! ವಿಳಾಸ ಸರಿಯಿದ್ದು ನಿರಾಕರಿಸಿದ್ರೆ ತಲುಪಿದ ಹಾಗೇ ಅಂತ ಕೋರ್ಟು ಎಣಿಸತ್ತೆ. ಮುಚ್ಚಿದ ಕವರೇ ನಿಮ್ಮ ಸಾಕ್ಷಿ.

2025ರಲ್ಲಿ ರಿಜಿಸ್ಟರ್ಡ್ ಪೋಸ್ಟನ್ನ ಸ್ಪೀಡ್ ಪೋಸ್ಟ್ ಜೊತೆ ಸೇರಿಸಿಬಿಟ್ರು. ಕೌಂಟರಲ್ಲಿ ಸ್ಪೀಡ್ ಪೋಸ್ಟ್ ಅನ್ನಿ, ಜೊತೆಗೆ ರಿಜಿಸ್ಟ್ರೇಶನ್ನೂ, ತಲುಪಿದ್ದಕ್ಕೆ ದಾಖಲೆನೂ ಬೇಕು ಅಂತ ಕೇಳಿ ಹಾಕಿಸಿ. ರಸೀದಿ ಶಾಯಿ ಬೇಗ ಮಾಸತ್ತೆ, ಅವತ್ತೇ ಜೆರಾಕ್ಸ್ ಮಾಡ್ಸಿ. ಕೈಗೂ ಕೊಡೋದಾದ್ರೆ ಇನ್ನೊಂದು ಕಾಪಿ ಮೇಲೆ ಸಹಿ, ತಾರೀಕು ಹಾಕಿಸ್ಕೊಳ್ಳಿ. ವಾಟ್ಸಾಪ್ ಮೆಸೇಜ್ ಅಳಿಸ್ಬೇಡಿ, ಇರ್ಲಿ, ಆದ್ರೆ 106ರಲ್ಲಿ ಅದರ ಹೆಸರಿಲ್ಲ.

ಇನ್ನೊಂದು. ದಿನ ಮುಗೀತು ಅಂತ ನೀರು ನಿಲ್ಸೋದು, ಬೀಗ ಬದಲಾಯ್ಸೋದು ಮಾತ್ರ ಬೇಡ. ಅಣ್ಣನಿಗೂ ಹೇಳಿ, ಅವನ ಸಿಟ್ಟು ಗೊತ್ತಲ್ಲ. ಹಂಗೆ ಹೊರಗೆ ಹಾಕಿದ್ರೆ ಅವ್ರು ಆರು ತಿಂಗಳೊಳಗೆ ಕೇಸ್ ಹಾಕಿ ವಾಪಸ್ ಬಂದು ಕೂರ್ತಾರೆ. ಖಾಲಿ ಮಾಡ್ಲಿಲ್ಲ ಅಂದ್ರೆ ಸಿವಿಲ್ ಕೋರ್ಟಲ್ಲಿ ದಾವೆನೇ. ಅವಧಿ ಮುಗಿದ ಮೇಲಿನ ಬಾಡಿಗೆ ತಗೊಳೋ ಮೊದ್ಲು ವಕೀಲರನ್ನ ಕೇಳಿ.

ಕರಾರಿನ ಎಲ್ಲಾ ಹಾಳೆ ಫೋಟೋ ತೆಗೆದು ನಂಗೆ ಒಬ್ನಿಗೇ ಕಳಿಸಿ, ಗ್ರೂಪಿಗೆ ಹಾಕ್ಬೇಡಿ. ಚಕ್ಕುಬಂದಿ, ಅಂದ್ರೆ ಮನೆಯ ನಾಲ್ಕೂ ದಿಕ್ಕಿನ ಗಡಿ ಬರೆದಿರೋ ಹಾಳೆ ಬಿಟ್ಟೋಗ್ದಿರ್ಲಿ.